ಫ್ರಿಜ್ಜಿನ ಬಾಗಿಲಲ್ಲಿದ್ದ ಆರು ಬಾಟಲಿ

ಮೊದಲೇ ಹೇಳಿಬಿಡುತ್ತೇನೆ. ಇದು ಬಿಯರ್ ಕುಡಿದ ಕಥೆ. ಕುಡಿದವನು ನಾನು. ಮೂವತ್ಮೂರು ವರ್ಷ ಒಂದು ಹನಿ ಮುಟ್ಟದೆ ಇದ್ದವನು ಮೊದಲ ಸಲ ಕುಡಿದದ್ದು ನಮ್ಮಮ್ಮನ ಎದುರಿಗೆ, ಅವಳು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ. ಊರಿನವರು ಇದನ್ನು ಓದಿದರೆ ಏನಂದಾರು ಅಂತ ನಾಲ್ಕು ತಿಂಗಳು ಬರೆಯದೆ ಇಟ್ಟುಕೊಂಡಿದ್ದೆ. ಅಮ್ಮನನ್ನೇ ಕೇಳಿದೆ. "ನಡೆದಿದ್ದನ್ನ ನಡೆದಂಗೆ ಬರಿ, ನಂದೂ ಸೇರಿಸಿ ಬರಿ" ಅಂದಳು.

ಅಕ್ಕ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊ ಅನ್ನುವ ಊರಿನಲ್ಲಿ. ಕಳೆದ ಅಕ್ಟೋಬರಿನಲ್ಲಿ ಅವಳಿಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು, ಆದರೆ ಒಬ್ಬಳೇ ವಿಮಾನ ಹತ್ತಲಾರಳು. ಹಾಗಾಗಿ ಜೊತೆಗೆ ನಾನು. ಒಂದು ಸೂಟ್‌ಕೇಸಿನ ತುಂಬ ಬಾಣಂತಿ ಖಾರದ ಪುಡಿ, ಕೊಬ್ಬರಿ, ಹರಳೆಣ್ಣೆ. ಮಗುವಿಗೆ ಆರು ತಿಂಗಳಾದ ಮೇಲೆ ಬೇಕಾಗುತ್ತದೆ ಅಂತ ಎರಡು ಕೆಜಿ ರಾಗಿ ಸರಿ ಹಿಟ್ಟು ಬೇರೆ.

ಆ ರಾಗಿ ಸರಿ ಹಿಟ್ಟನ್ನು ಹುಳು ಬೀಳದಂತೆ ಫ್ರಿಜ್ಜಿನಲ್ಲಿ ಇಡಲು ಹೋದಾಗಲೇ ಅಮ್ಮನಿಗೆ ಬಾಗಿಲಿನ ಕಡೆ ನಿಂತಿದ್ದ ಆರು ಬಾಟಲಿ ಕಂಡಿದ್ದು. ಗಿಡ್ಡ ಕುತ್ತಿಗೆಯ ಕಂದು ಬಾಟಲಿ. ಮೇಲೆ ಹಸಿರು ಲೇಬಲ್ಲು, ಅದರಲ್ಲಿ ಬೆಟ್ಟ, ಹೊಳೆ.

"ಏನ್ ಮಗ ಇದು?"

"ಜ್ಯೂಸು" ಅಂದೆ.

"ಜ್ಯೂಸಿಗೆ ಯಾಕೆ ಈ ಥರ ಮುಚ್ಚಳ?"

ನಾನು ಮಾತಾಡಲಿಲ್ಲ. ಅಮ್ಮ ಹಿಟ್ಟಿನ ಡಬ್ಬಿಯನ್ನು ಒಳಗಿಟ್ಟು ಬಾಗಿಲು ಹಾಕಿದಳು. ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಕೇಳಿದರೆ ವಿಮಾನದ ಸುಸ್ತು ಅಂದಳು.

ಅವಳ ಸುಸ್ತು ಎಂಥದ್ದು ಅಂತ ನನಗೆ ಗೊತ್ತಿತ್ತು. ನಮ್ಮಪ್ಪ ಕುಡಿಯುತ್ತಿದ್ದರು. ಮೊದಲು ಪ್ಯಾಕೆಟ್ ಸಾರಾಯಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತಲ್ಲ, ಆಗ ನಾನು ಪಿಯುಸಿಗೆ ಸೇರಿದ್ದೆ. ಅಮ್ಮ ಅವತ್ತು ದೇವರಿಗೆ ಕಾಯಿ ಒಡೆದಿದ್ದಳು. ಒಂದು ವಾರ ಅಪ್ಪ ಮನೆಯಲ್ಲೇ ಇದ್ದರು. ಎಂಟನೆಯ ದಿನ ಚೀಪ್ ವಿಸ್ಕಿ ಬಂತು, ಮೊದಲು ಕ್ವಾರ್ಟರ್ ಬಾಟಲಿಯಲ್ಲಿ, ಆಮೇಲೆ ಜ್ಯೂಸಿನ ಡಬ್ಬಿಯಂಥ 90 ಎಂ.ಎಲ್. ಪ್ಯಾಕಿನಲ್ಲಿ. ಪ್ಯಾಕೆಟ್ಟು ಬದಲಾಯಿತು, ಅಪ್ಪ ಬದಲಾಗಲಿಲ್ಲ. 2014ರಲ್ಲಿ ತೀರಿಕೊಂಡರು.

ಆ ವರ್ಷಗಳಲ್ಲಿ ಅಮ್ಮ ಒಂದು ಲೆಕ್ಕ ಕಲಿತಿದ್ದಳು. ಅಪ್ಪ ಖಾಲಿ ಪ್ಯಾಕೆಟ್ಟುಗಳನ್ನು ಹುಲ್ಲಿನ ಮೆದೆಯೊಳಗೆ ತುರುಕುತ್ತಿದ್ದರು. ಬೆಳಿಗ್ಗೆ ಹಸುವಿಗೆ ಹುಲ್ಲು ಹಿರಿಯಲು ಹೋದಾಗ ಅಮ್ಮ ಎಣಿಸುತ್ತಿದ್ದಳು. ಎರಡು ಮೂರು ಸಿಕ್ಕಿದರೆ ಅವತ್ತು ಅಪ್ಪನ ಹತ್ತಿರ ಸ್ಕೂಲ್ ಫೀಸು ಕೇಳಬಹುದು. ಐದು ಸಿಕ್ಕಿದರೆ ನಮ್ಮಿಬ್ಬರಿಗೂ ಕಣ್ಣಲ್ಲೇ ಸನ್ನೆ, ಇವತ್ತು ಬೇಡ.

ಅಮೆರಿಕದಲ್ಲಿ ಮೆದೆ ಇರಲಿಲ್ಲ, ಫ್ರಿಜ್ಜಿತ್ತು. ಅಮ್ಮ ಅಲ್ಲೂ ಎಣಿಸಲು ಶುರು ಮಾಡಿದಳು. ಭಾನುವಾರ ಆರು. ಸೋಮವಾರ ಆರು. ಮಂಗಳವಾರ ಐದು. ಬುಧವಾರ ಐದು. ಶುಕ್ರವಾರ ಬೆಳಿಗ್ಗೆ ನನ್ನನ್ನು ಬಟ್ಟೆ ಒಗೆಯುವ ಮಿಷನ್ ಇರುವ ಕೋಣೆಗೆ ಕರೆದು ಮೆಲ್ಲಗೆ ಹೇಳಿದಳು.

"ನಾಲ್ಕು ಇವೆ ಮಗ."

"ಗೊತ್ತು."

"ಇದ್ದಿದ್ದನ್ನ ಯಾಕೆ ಕುಡೀತಿಲ್ಲ ಅವರು?"

ಇದು ತಮಾಷೆಯ ಮಾತಲ್ಲ. ಮನೆಯಲ್ಲಿ ಕುಡಿಯುವ ವಸ್ತು ಇದೆ, ಮನೆಯಲ್ಲಿ ಕುಡಿಯುವ ಗಂಡಸೂ ಇದ್ದಾನೆ, ಆದರೂ ಬಾಟಲಿ ಉಳಿದಿದೆ. ಅಮ್ಮನ ಇಡೀ ಜೀವನದ ಲೆಕ್ಕಕ್ಕೆ ಅದು ಕೂಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಉಳಿದ ಹೆಂಡ ಅಂತ ಯಾವತ್ತೂ ಇರಲೇ ಇಲ್ಲ.

ಅಕ್ಕನಿಗೆ ವಿಷಯ ಗೊತ್ತಾಯಿತು, ಅಕ್ಕನಿಂದ ಭಾವನಿಗೆ. ಬೇರೆ ಅಳಿಯ ಆಗಿದ್ದರೆ ಬಾಟಲಿಗಳನ್ನು ಗ್ಯಾರೇಜಿಗೆ ಸಾಗಿಸುತ್ತಿದ್ದ ಅನ್ನಿಸುತ್ತದೆ. ಭಾವ ಹಾಗೆ ಮಾಡಲಿಲ್ಲ. ಶನಿವಾರ ಸಂಜೆ ಮಗು ಮಲಗಿದ ಮೇಲೆ ಒಂದು ಬಾಟಲಿ ತಂದು ಊಟದ ಟೇಬಲ್ಲಿನ ಮೇಲಿಟ್ಟರು.

"ಅತ್ತೆ, ಬಚ್ಚಿಟ್ಟುಕೊಂಡು ಕುಡಿಯೋದು ನಂಗೆ ಬರಲ್ಲ. ನಿಮ್ಮೆದುರಿಗೇ ತೆಗೀತೀನಿ. ಬೇಡ ಅಂದ್ರೆ ವಾಪಸ್ ಇಡ್ತೀನಿ."

"ನಿಮ್ಮ ಮನೆ. ನಾನ್ಯಾರು ಬೇಡ ಅನ್ನೋಕೆ" ಅಂದಳು ಅಮ್ಮ. ಎದ್ದು ಹೋಗಲಿಲ್ಲ. ಬೆಳ್ಳುಳ್ಳಿಯ ಮೊರ ಎಳೆದುಕೊಂಡು ಅಲ್ಲೇ ಕೂತಳು.

ಭಾವ ಬಾಟಲಿಯ ಜೊತೆ ಒಂದು ಹಾಳೆಯನ್ನೂ ತಂದಿದ್ದರು. ಅವರ ಆಫೀಸಿನ ಗೆಳೆಯನೊಬ್ಬ ಮನೆಯಲ್ಲೇ ಬಿಯರ್ ಕಾಯಿಸುತ್ತಾನಂತೆ. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಹಾಗೆ ಕಾಯಿಸುವವರೆಲ್ಲ ಸೇರಿ ಸ್ಪರ್ಧೆ ನಡೆಸುತ್ತಾರೆ. ಆ ಸ್ಪರ್ಧೆಯ ಅಂಕದ ಹಾಳೆ ಅದು. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತದೆ ಅನ್ನುವುದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10.

"ಇದಕ್ಕೂ ಮಾರ್ಕ್ಸ್ ಕೊಡ್ತಾರಾ?" ಅಂದಳು ಅಮ್ಮ. ಅವತ್ತು ಅವಳು ಬಾಯಿ ಬಿಟ್ಟು ಕೇಳಿದ ಮೊದಲ ಪ್ರಶ್ನೆ.

ನಾನು ವರದಿಗಾರ. ಹಳ್ಳಿಗಳಲ್ಲಿ ಹೆಂಡದ ಅಂಗಡಿ ವಿರುದ್ಧ ಹೆಂಗಸರು ಕೂತಾಗ ಹೋಗಿ ಬರೆದಿದ್ದೇನೆ. ಆದರೆ ನಾನು ಬೈದು ಬರೆದ ವಸ್ತುವಿನ ರುಚಿ ನನಗೆ ಗೊತ್ತಿರಲಿಲ್ಲ. ಅದು ತಪ್ಪೇನಲ್ಲ, ಬೆಂಕಿ ಸುಡುತ್ತದೆ ಅಂತ ತಿಳಿಯಲು ಕೈ ಇಡಬೇಕಿಲ್ಲ. ಆದರೂ ಆ ಹಾಳೆ ನೋಡಿ ಆಸೆಯಾಯಿತು. "ನಾನು ಹಾಕ್ತೀನಿ ಮಾರ್ಕ್ಸು" ಅಂದೆ. ಅಮ್ಮನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಸುಲಿಯಲು ಶುರು ಮಾಡಿದಳು.

ಬಿಯರಿನ ಹೆಸರು ಸಿಯೆರಾ ನೆವಾಡಾ ಪೇಲ್ ಏಲ್. ಅಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲೂ ಸಿಗುವ ಮಾಲು, ದೊಡ್ಡವರ ಮನೆಯ ದುಬಾರಿ ಪಾನೀಯವೇನಲ್ಲ. ತಯಾರಾಗುವುದು ಚಿಕೋ ಎಂಬ ಊರಿನಲ್ಲಿ, ಸ್ಯಾಕ್ರಮೆಂಟೊದಿಂದ ಉತ್ತರಕ್ಕೆ ಸುಮಾರು 145 ಕಿ.ಮೀ. ಆ ದಾರಿಯ ಎರಡೂ ಕಡೆ ಬಾದಾಮಿ ತೋಟ, ಭತ್ತದ ಗದ್ದೆ. ಕೆನ್ ಗ್ರಾಸ್‌ಮನ್ ಎಂಬವರು ಗೆಳೆಯನ ಜೊತೆ 1979ರಲ್ಲಿ ಕಂಪನಿ ಶುರು ಮಾಡಿ 1980ರಲ್ಲಿ ಬಿಯರ್ ಕಾಯಿಸಲು ತೊಡಗಿದರು. ದುಡ್ಡಿಲ್ಲದೆ ಹಳೆಯ ಹಾಲಿನ ಡೈರಿಗಳ ಟ್ಯಾಂಕು, ಪೈಪುಗಳನ್ನು ತಂದು ಜೋಡಿಸಿಕೊಂಡಿದ್ದರಂತೆ. ಪ್ರತಿ ಸಲವೂ ಒಂದೇ ರುಚಿ ಬರುವ ತನಕ ಎಷ್ಟೋ ಸಲ ಮಾಡಿದ್ದನ್ನೆಲ್ಲ ಚರಂಡಿಗೆ ಸುರಿದರು. ಭಾವ ಇದನ್ನು ಹೇಳಿದಾಗ ಅಮ್ಮ, "ಚೆಲ್ಲೋರೂ ಇದಾರಲ್ಲ" ಅಂದಳು.

ಬಾಟಲಿಯನ್ನು ಹೊರಗಿಟ್ಟು ಹತ್ತು ನಿಮಿಷ ಬಿಟ್ಟರು. ತೀರಾ ತಣ್ಣಗಿದ್ದರೆ ವಾಸನೆಯೂ ರುಚಿಯೂ ನಾಲಿಗೆಗೆ ಸಿಗುವುದಿಲ್ಲ. ನಮ್ಮ ಕಡೆ ಐಸಿನಷ್ಟು ತಣ್ಣಗೆ ಕೊಡಿ ಅಂತ ಗಲಾಟೆ ಮಾಡುವುದು ನೆನಪಾಯಿತು. ಆ ರುಚಿ ಸಿಗದೇ ಇರುವುದೇ ಒಳ್ಳೆಯದೇನೋ.

ಬಗ್ಗಿಸಿದ ಗ್ಲಾಸಿಗೆ ನಿಧಾನವಾಗಿ ಸುರಿದು, ಕೊನೆಯ ಅರ್ಧ ಇಂಚು ಬಾಟಲಿಯಲ್ಲೇ ಬಿಟ್ಟರು. ತಳದಲ್ಲಿ ಯೀಸ್ಟಿನ ಗಸಿ ಇರುತ್ತದೆ. ಈ ಬಿಯರು ಬಾಟಲಿಗೆ ತುಂಬಿದ ಮೇಲೂ ಒಳಗೆ ಸ್ವಲ್ಪ ಹುಳಿಯುತ್ತದೆ, ಗುಳ್ಳೆ ಬರುವುದು ಅದರಿಂದ. ಅಮ್ಮ ಅವತ್ತು ದೋಸೆ ಹಿಟ್ಟು ರುಬ್ಬಿ ಅವನ್ನಿನ ದೀಪ ಹಾಕಿ ಒಳಗಿಟ್ಟಿದ್ದಳು, ಚಳಿಗೆ ಹುಳಿ ಬರುವುದಿಲ್ಲ ಅಂತ. ಅದೇ ಕೆಲಸ ಇದು. ಏಲ್ ಅನ್ನುವ ಜಾತಿಯ ಬಿಯರಿಗೆ ಹದವಾದ ಬೆಚ್ಚಗೆ ಬೇಕು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಲಾಗರ್, ಅದನ್ನು ಚಳಿಯಲ್ಲಿಟ್ಟು ನಿಧಾನವಾಗಿ ಹುಳಿಯಲು ಬಿಡುತ್ತಾರೆ.

ಬಣ್ಣ ತುಡುವೆ ಜೇನಿನದು. ಮೇಲೆ ಎರಡು ಬೆರಳು ದಪ್ಪ ನೊರೆ, ಬೇಗ ಇಳಿಯಲಿಲ್ಲ. ನೋಟಕ್ಕೆ 3ಕ್ಕೆ 3 ಕೊಟ್ಟೆ. ಇದಕ್ಕಿಂತ ಸುಲಭದ ಅಂಕ ನಾನು ಯಾರಿಗೂ ಕೊಟ್ಟಿಲ್ಲ.

ವಾಸನೆಯ ಹತ್ತಿರ ಸಿಕ್ಕಿಹಾಕಿಕೊಂಡೆ. ಮೂಗು ಇಟ್ಟೆ. ಏನೋ ಹಸಿ ಸೊಪ್ಪು, ಏನೋ ಔಷಧಿ. ನಿಜ ಹೇಳಬೇಕೆಂದರೆ ಅಪ್ಪನ ವಾಸನೆ ಬರುತ್ತದೆ ಅಂತ ಉಸಿರು ಬಿಗಿ ಹಿಡಿದಿದ್ದೆ. ಬರಲಿಲ್ಲ. ಅದು ಬರಲಿಲ್ಲ ಅನ್ನುವುದು ಬಿಟ್ಟು ಮತ್ತೇನೂ ಹೊಳೆಯಲಿಲ್ಲ.

"ಚಕ್ಕೋತ ಸುಲಿದಂಗಿದೆಯಲ್ಲ" ಅಂದಳು ಅಮ್ಮ, ಆ ಕಡೆಯಿಂದ.

ಇಬ್ಬರೂ ತಿರುಗಿ ನೋಡಿದೆವು. ಅವಳು ತಲೆ ಎತ್ತಿರಲಿಲ್ಲ. ಮೊರದ ತುಂಬ ಬೆಳ್ಳುಳ್ಳಿ, ಆ ಘಾಟಿನ ನಡುವೆ, ಮೂರು ಅಡಿ ದೂರದಿಂದ.

ಭಾವ ಫೋನ್ ತೆಗೆದು ತೋರಿಸಿದರು. ಈ ಬಿಯರಿನ ಬಗ್ಗೆ ಎಲ್ಲಿ ಓದಿದರೂ ಮೊದಲು ಬರುವ ಮಾತೇ ಗ್ರೇಪ್‌ಫ್ರೂಟ್. ಅದು ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಹಣ್ಣು. ದೇವನಹಳ್ಳಿ ಚಕ್ಕೋತ ತಿಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆ ಸೀಳಿದಾಗ ಕೈಗೆ ಹತ್ತುವ ಎಣ್ಣೆಯ ವಾಸನೆ ಇದೆಯಲ್ಲ, ಅದೇ. ಅಮ್ಮ ಹೇಳಿದ ಮೇಲೆ ಮತ್ತೆ ಮೂಗು ಇಟ್ಟೆ. ಆಗ ಬೇರೆ ಏನೂ ಬರಲೇ ಇಲ್ಲ, ಬರೀ ಚಕ್ಕೋತ. ಹಿಂದೆ ಸ್ವಲ್ಪ ಸಾಂಬ್ರಾಣಿ. ಅವರು ಅದಕ್ಕೆ ಪೈನ್ ಮರದ ಅಂಟು ಅನ್ನುತ್ತಾರೆ. ಅಂದಹಾಗೆ ಅಮ್ಮ ಮಗುವಿಗೆ ಸಾಂಬ್ರಾಣಿ ಹಾಕಲು ಹೋಗಿ ಎರಡು ಸಲ ಹೊಗೆಯ ಅಲಾರಂ ಹೊಡೆಸಿದ್ದಳು, ಅದು ಬೇರೆ ಕಥೆ.

ಈ ವಾಸನೆ ಹಣ್ಣಿನಿಂದ ಬಂದದ್ದಲ್ಲ. ಹಾಪ್ಸ್ ಅನ್ನುವ ಬಳ್ಳಿಯ ಹೂವಿನಿಂದ. ಗಾಂಜಾ ಗಿಡದ ಕುಟುಂಬಕ್ಕೇ ಸೇರಿದ್ದು, ಆದರೆ ಅಮಲಿನ ಗುಣ ಇದಕ್ಕಿಲ್ಲ. ವೀಳ್ಯದೆಲೆ ಬಳ್ಳಿಯ ಹಾಗೆ ಹಬ್ಬಿಸಲು ಎತ್ತರದ ಕಂಬ ನೆಟ್ಟು ತಂತಿ, ಹಗ್ಗ ಕಟ್ಟುತ್ತಾರೆ. ಅಮೆರಿಕದಲ್ಲಿ ಹೆಚ್ಚಿನ ಪಾಲು ಬೆಳೆಯುವುದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ಈ ಬಿಯರಿಗೆ ಹಾಕುವ ತಳಿಯ ಹೆಸರು ಕ್ಯಾಸ್ಕೇಡ್. ಅಲ್ಲಿನ ಸರ್ಕಾರದ ಕೃಷಿ ವಿಜ್ಞಾನಿಗಳು ಆರೆಗಾನ್ ರಾಜ್ಯದಲ್ಲಿ ಅಭಿವೃದ್ಧಿ ಮಾಡಿ 1972ರಲ್ಲಿ ರೈತರಿಗೆ ಬಿಡುಗಡೆ ಮಾಡಿದ ತಳಿ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ರಾಗಿ ತಳಿ ಬಿಡುತ್ತವಲ್ಲ, ಹಾಗೆ.

ವಾಸನೆಗೆ 12ಕ್ಕೆ 10. ಅದರಲ್ಲಿ ಒಂಬತ್ತು ಅಂಕ ಅಮ್ಮನದು.

ಆಮೇಲೆ ಕುಡಿದೆ. ಒಂದು ಗುಟುಕು. ಮೊದಲು ತೆಳ್ಳಗೆ ಒಂದು ಸಿಹಿ, ಹುರಿದ ಹಿಟ್ಟಿನ ಥರ, ಬಿಸಿ ರೊಟ್ಟಿಯ ಅಂಚಿನ ಥರ. ಹಿಂದೆಯೇ ಕಹಿ. ಹಾಗಲಕಾಯಿ ನಾಲಿಗೆಗೆ ತಾಗಿದ ತಕ್ಷಣ ಕಹಿ, ಇದು ಹಾಗಲ್ಲ. ನುಂಗಿದ ಮೇಲೆ ಗಂಟಲ ಹತ್ತಿರ ಮೆಲ್ಲಗೆ ಎದ್ದು ಅಲ್ಲೇ ನಿಲ್ಲುತ್ತದೆ, ಮೆಂತ್ಯ ಅಗಿದ ಹಾಗೆ. ಬಿಯರಿನ ಕಹಿಗೂ ಒಂದು ಅಳತೆ ಇಟ್ಟಿದ್ದಾರೆ. ಸಾಮಾನ್ಯ ಲಾಗರ್ ಬಿಯರಿನದು ಹತ್ತರಿಂದ ಇಪ್ಪತ್ತರ ಒಳಗೆ, ಇದರದ್ದು 38. ಹಾಪ್ಸ್ ಹೂವನ್ನು ಶುರುವಿನಲ್ಲೇ ಹಾಕಿ ಕುದಿಸಿದರೆ ಕಹಿ ಬಿಡುತ್ತದೆ, ಕೊನೆಯಲ್ಲಿ ಹಾಕಿದರೆ ವಾಸನೆ ಉಳಿಯುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವ ಹೊತ್ತಿಗೆ ಹಾಕುತ್ತೇವಲ್ಲ, ಅದೇ ಉಪಾಯ.

ಸಿಹಿ ಎಲ್ಲಿಂದ ಬಂತು ಅಂತ ಕೇಳಿದ್ದು ನಾನು, ಆದರೆ ಉತ್ತರ ಅರ್ಥವಾದದ್ದು ಅಮ್ಮನಿಗೆ. ಭಾವ ಹೇಳುತ್ತಿದ್ದರು: ಬಾರ್ಲಿಯನ್ನು ನೆನೆಸುತ್ತಾರೆ, ಮೊಳಕೆ ಬರಿಸುತ್ತಾರೆ, ಮೊಳಕೆ ಹದಕ್ಕೆ ಬಂದಾಗ ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ಹಾಗೆ ಮಾಡಿದರೆ ಕಾಳಿನ ಒಳಗಿನ ಹಿಟ್ಟು ಸಕ್ಕರೆಯಾಗಲು ತಯಾರಾಗುತ್ತದೆ. ಅದೇ ಮಾಲ್ಟ್.

"ಅಂದ್ರೆ ರಾಗಿ ಸರಿ" ಅಂದಳು ಅಮ್ಮ.

ಭಾವ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು "ಹೌದು ಅತ್ತೆ, ಅದೇ" ಅಂದರು.

"ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಬೀಸಿದ್ದೀನಿ. ಮಗೂಗೆ ಅಂತ. ಅಲ್ಲೀವರ್ಗೂ ಇಬ್ರದೂ ಒಂದೇ ದಾರಿ."

ಅವಳು ಅದನ್ನು ಹೇಳಿದ ರೀತಿಯಲ್ಲಿ ಕೋಪ ಇರಲಿಲ್ಲ. ಕವಲು ಎಲ್ಲಿ ಒಡೆಯಿತು ಅಂತ ನೋಡುತ್ತಿರುವವಳ ಹಾಗೆ ಇತ್ತು. ಪೇಲ್ ಅಂದರೆ ತಿಳಿ ಬಣ್ಣದ್ದು. ಹಿಂದೆ ಇಂಗ್ಲೆಂಡಿನಲ್ಲಿ ಕಟ್ಟಿಗೆಯ ಬೆಂಕಿಯಲ್ಲಿ ಮಾಲ್ಟ್ ಒಣಗಿಸಿದರೆ ಕಪ್ಪಾಗಿ ಹೊಗೆ ವಾಸನೆ ಹಿಡಿಯುತ್ತಿತ್ತು. ಕಲ್ಲಿದ್ದಲನ್ನು ಕೋಕ್ ಮಾಡಿ ಉರಿಸಲು ಕಲಿತ ಮೇಲೆ ತಿಳಿ ಮಾಲ್ಟ್ ಸಾಧ್ಯವಾಯಿತು, ಅದರಿಂದ ಪೇಲ್ ಏಲ್. ಇದೇ ಜಾತಿಯಲ್ಲಿ ಹಾಪ್ಸ್ ಹೆಚ್ಚಾಗಿ ಹಾಕಿದ್ದನ್ನು ಇಂಡಿಯಾದಲ್ಲಿದ್ದ ಬ್ರಿಟಿಷರಿಗೆ ಹಡಗಿನಲ್ಲಿ ಕಳಿಸುತ್ತಿದ್ದರು. ಇಂಡಿಯಾ ಪೇಲ್ ಏಲ್ ಅಂತ ಹೆಸರು ಬಂದದ್ದು ಹಾಗೆ. ನಮ್ಮ ಹೆಸರಿದೆ, ನಮ್ಮವರು ಕುಡಿದದ್ದಲ್ಲ.

ರುಚಿಗೆ 20ಕ್ಕೆ 14. ಬಾಯಲ್ಲಿ ಕೂರುವುದಕ್ಕೆ 5ಕ್ಕೆ 4, ಗುಳ್ಳೆ ಸ್ವಲ್ಪ ಚುಚ್ಚಿತು.

ಒಟ್ಟಾರೆ ಹತ್ತು ಅಂಕ ಬಾಕಿ ಇತ್ತು. ಅದಕ್ಕೆ ಮೊದಲು ಬಾಟಲಿಯ ಹಿಂದಿನ ಲೆಕ್ಕ ನೋಡಿದೆ. 355 ಎಂ.ಎಲ್., ಆಲ್ಕೋಹಾಲ್ ಶೇ 5.6. ಫೋನಿನಲ್ಲಿ ಗುಣಿಸಿದೆ. ಒಂದು ಬಾಟಲಿಯಲ್ಲಿ ಸುಮಾರು 20 ಎಂ.ಎಲ್. ಶುದ್ಧ ಆಲ್ಕೋಹಾಲ್. ಅಪ್ಪನ 90 ಎಂ.ಎಲ್. ವಿಸ್ಕಿ ಪ್ಯಾಕಿನಲ್ಲಿ ಶೇ 42.8, ಅಂದರೆ 38 ಎಂ.ಎಲ್. ಮೇಲೆ. ಒಂದು ಪ್ಯಾಕು ಈ ಎರಡು ಬಾಟಲಿಗೆ ಹತ್ತಿರ ಹತ್ತಿರ ಸಮ. ಅದನ್ನು ಅಪ್ಪ ನೀರೂ ಬೆರೆಸದೆ ನಿಂತಲ್ಲೇ ಒಂದೇ ಉಸಿರಿಗೆ ಇಳಿಸುತ್ತಿದ್ದರು. ಹಾಗೆ ಐದು.

ಇದನ್ನು ಓದುತ್ತಿರುವ ಹುಡುಗರಿಗೆ ಇನ್ನೊಂದು ಗುಣಾಕಾರ. "ಬಿಯರ್ ತಾನೇ, ಏನಾಗಲ್ಲ" ಅನ್ನುತ್ತೀರಲ್ಲ, ನಮ್ಮಲ್ಲಿ ಸಿಗುವ 650 ಎಂ.ಎಲ್. ಸ್ಟ್ರಾಂಗ್ ಬಾಟಲಿಯಲ್ಲಿ ಶೇ 8ರ ತನಕ ಇರುತ್ತದೆ. ಶೇ 8 ಅಂದರೆ 52 ಎಂ.ಎಲ್. ಒಂದು 90ರ ಪ್ಯಾಕಿಗಿಂತ ಜಾಸ್ತಿ. ಅದನ್ನು ಕುಡಿದು ಬೈಕ್ ಹತ್ತುವವರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ. ಇನ್ನು ಭಾವನ ಥರ ಒಂದೇ ಒಂದು ಕುಡಿದರೆ ಪರವಾಗಿಲ್ಲವೇ ಅಂದರೆ, ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿರುವುದು ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಅಂತ. ಭಾವನಿಗೂ ಅದು ಗೊತ್ತಿದೆ.

"ಒಟ್ಟಾರೆ ಎಷ್ಟು?" ಭಾವ ಕೇಳಿದರು.

"ಆರು."

"ಯಾಕೆ? ಇಷ್ಟ ಆದ ಹಾಗಿತ್ತು."

ಇಷ್ಟ ಆಗಿತ್ತು. ಅದಕ್ಕೇ ಆರು. ನಾಲ್ಕನೆಯ ಗುಟುಕಿಗೆ ಭುಜ ಸಡಿಲವಾಗಿತ್ತು, ಐದನೆಯದಕ್ಕೆ ಕೈ ತಾನಾಗಿ ಗ್ಲಾಸಿನ ಕಡೆ ಹೋಗಿತ್ತು. ಕಹಿ ಇನ್ನೊಂದು ಗುಟುಕು ಕೇಳುತ್ತದೆ, ಅದರ ಗುಣವೇ ಅದು. ಅಪ್ಪನಿಗೂ ಶುರುವಿನಲ್ಲಿ ಹೀಗೇ ಅನ್ನಿಸಿತ್ತೇ ಅಂತ ತಲೆಗೆ ಬಂತು. ಅಪ್ಪನ ಬಗ್ಗೆ ಅಷ್ಟು ವರ್ಷ ಸಿಟ್ಟು ಮಾತ್ರ ಇತ್ತು, ಈ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ. ಗ್ಲಾಸು ಅರ್ಧ ಇರುವಾಗಲೇ ಆಚೆ ತಳ್ಳಿದೆ. ಭಾವನಿಗೆ ಇದನ್ನೆಲ್ಲ ಹೇಳಲಿಲ್ಲ. "ಹೊಸಬ, ಗೊತ್ತಾಗಲ್ಲ" ಅಂದೆ.

ಒಟ್ಟು 37. ಆ ಹಾಳೆಯ ಪ್ರಕಾರ 30ರಿಂದ 37 "ಬಹಳ ಚೆನ್ನಾಗಿದೆ", 38ರಿಂದ ಮೇಲಿನ ದರ್ಜೆ. ಒಂದು ಅಂಕದಲ್ಲಿ ತಪ್ಪಿತು ಅಂತ ಭಾವ ನಕ್ಕರು. ನಲವತ್ತಕ್ಕೂ ಹೆಚ್ಚು ವರ್ಷದಿಂದ ಮಾರುತ್ತಿರುವ ಬಿಯರಿಗೆ ನನ್ನ ಒಂದು ಅಂಕದಿಂದ ನಷ್ಟವೇನಿಲ್ಲ.

ರಾತ್ರಿ ಅಮ್ಮ ನನ್ನ ಕೋಣೆಗೆ ಬಂದಳು. "ಬಾಯಿ ತೋರ್ಸು" ಅಂದಳು. ಮೂವತ್ಮೂರು ವರ್ಷದವನು ಬಾಯಿ ಬಿಟ್ಟೆ. ಮೂಸಿ ನೋಡಿ, ಮಂಚದ ತುದಿಯಲ್ಲಿ ಕೂತಳು.

"ಅಷ್ಟು ದೂರದಿಂದ ಚಕ್ಕೋತ ಹೆಂಗೆ ಗೊತ್ತಾಯ್ತಮ್ಮ?" ಕೇಳಿದೆ.

"ನಿಮ್ಮಪ್ಪ ಗೇಟು ದಾಟೋದ್ರೊಳಗೆ ಗೊತ್ತಾಗಬೇಕಿತ್ತಲ್ಲ. ಎಷ್ಟು ಕುಡಿದವ್ರೆ, ಯಾವ್ದು, ಯಾರ ಜೊತೆ. ಗೊತ್ತಾದ್ರೆ ತಾನೆ ನಿಮ್ಮಿಬ್ರನ್ನ ಎಲ್ಲಿ ಮಲಗಿಸೋದು ಅಂತ ನೋಡೋಕಾಗೋದು. ಗಾಳಿ ಈ ಕಡೆ ಬೀಸ್ತಿದ್ರೆ ಇನ್ನೂ ಬೇಗ ಗೊತ್ತಾಗೋದು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು, "ಆ ವಾಸನೆ ಚೆನ್ನಾಗಿತ್ತು ಮಗ. ಹೆಂಡ ಚೆನ್ನಾಗಿರತ್ತೆ ಅಂತ ನಂಗೆ ಗೊತ್ತಿರಲಿಲ್ಲ."

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿದ್ದಳು. ಗ್ಲಾಸುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೋರಲು ಹಾಕಿದ್ದಳು. ಮೊದಲು ಫ್ರಿಜ್ಜಿನ ಬಾಗಿಲು ತೆಗೆದಳು. ಆಮೇಲೆ ಕಸದ ಡಬ್ಬಿಯ ಮುಚ್ಚಳ ಎತ್ತಿ ಬಗ್ಗಿ ನೋಡಿದಳು.

"ಮೂರು ಉಳಿದವೆ" ಅಂದು ಕಾಫಿಗೆ ನೀರಿಟ್ಟಳು.